ಅಲೆ ಮತ್ತು ತೆರೆ: ಅರ್ಥ, ನಿಷ್ಪತ್ತಿ ಹಾಗೂ ಶಕಟರೇಫದ ಪ್ರಶ್ನೆ

ಇಂಗ್ಲಿಷಿನ ‘ವೇವ್’ ಎಂಬ ಪದಕ್ಕೆ ಕನ್ನಡದಲ್ಲಿ ಅರ್ಥ ಹೇಳುವಾಗ ಸಾಮಾನ್ಯವಾಗಿ ‘ಅಲೆ, ತೆರೆ, ತರಂಗ’ ಎಂಬ ಮೂರು ಪದಗಳನ್ನು ಒಂದರ ಪಕ್ಕದಲ್ಲೊಂದು ಇಡುವುದು ವಾಡಿಕೆ. ಇವುಗಳಲ್ಲಿ ತರಂಗ ಸಂಸ್ಕೃತದಿಂದ ಬಂದುದು, ಉಳಿದೆರಡು ದೇಶ್ಯಪದಗಳು. ಈ ಎರಡನ್ನೂ ಪರ್ಯಾಯಪದಗಳೆಂದು ಭಾವಿಸಿ, ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಳಸಬಹುದೆಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇವೆ. ಆದರೆ ಒಂದು ಭಾಷೆ ಒಂದೇ ವಸ್ತುವಿಗೆ ತನ್ನದೇ ಆದ ಎರಡು ಹೆಸರುಗಳನ್ನು ಸಾವಿರ ವರ್ಷಗಳಿಗೂ ಮಿಕ್ಕಿ ಉಳಿಸಿಕೊಂಡು ಬಂದಿದ್ದರೆ, ಆ ಎರಡರ ನಡುವೆ ಯಾವುದೋ ಒಂದು ವ್ಯತ್ಯಾಸವಿರಲೇಬೇಕು. ಅಲೆ ಎಂಬುದು ನೀರಿನ ಚಲನೆಗೆ ಇಟ್ಟ ಹೆಸರು, ತೆರೆ ಎಂಬುದು ನೀರಿನ ಮೇಲ್ಮೈಯಲ್ಲಿ ಮೂಡುವ ಮಡಿಕೆಗೆ ಇಟ್ಟ ಹೆಸರು. ಈ ಎರಡು ಪದಗಳು ಮುಂದೆ ಪಡೆದುಕೊಂಡ ಅರ್ಥಗಳೆಲ್ಲವೂ ಈ ಮೂಲಭೇದವನ್ನೇ ಅನುಸರಿಸಿವೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದರೊಂದಿಗೆ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ. ತೆರೆ ಎಂಬ ಪದದ ಚರಿತ್ರೆಯನ್ನು ಇಂದಿನ ಬರವಣಿಗೆಯಿಂದ ತಿಳಿಯಲು ಸಾಧ್ಯವಿಲ್ಲ. ಅದಕ್ಕೆ ನಾವು ಕೈಬಿಟ್ಟಿರುವ ‘ಱ’ ಎಂಬ ಅಕ್ಷರ ಬೇಕು.

ಮೊದಲು ಇಂಗ್ಲಿಷಿನ ಪದವನ್ನೇ ನೋಡಬಹುದು. ‘ವೇವ್’ ಎಂಬುದು ನೀರಿನ ಅಲೆ ಎಂಬ ಅರ್ಥದಲ್ಲಿ ಇಂಗ್ಲಿಷಿಗೆ ಅಷ್ಟೇನೂ ಹಳೆಯದಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ವಾಫಿಯನ್’ ಎಂಬ ಕ್ರಿಯಾಪದವಿತ್ತು. ಕೈ ಬೀಸು, ಅತ್ತಿತ್ತ ಆಡಿಸು ಎಂಬುದು ಅದರ ಅರ್ಥ. ನೀರಿನ ಅಲೆಗೆ ಮಧ್ಯಕಾಲದ ಇಂಗ್ಲಿಷಿನಲ್ಲಿ ‘ವಾವ್’ ಎಂಬ ಬೇರೆಯೇ ಪದವಿತ್ತು. ಇದಕ್ಕೆ ಅತ್ತಿತ್ತ ಅಲುಗು ಎಂಬರ್ಥದ ‘ವಾಗಿಯನ್’ ಎಂಬ ಕ್ರಿಯಾಪದದೊಡನೆ ನಂಟು. ನಾಯಿ ಬಾಲ ಅಲ್ಲಾಡಿಸುವುದಕ್ಕೆ ಇಂದು ಬಳಸುವ ‘ವ್ಯಾಗ್’ ಅದರ ಸಂತತಿ. ಹದಿನಾರನೆಯ ಶತಮಾನದಲ್ಲಿ ಕೈ ಬೀಸುವ ‘ವೇವ್’ ಈ ಹಳೆಯ ‘ವಾವ್’ ಪದವನ್ನು ಪಕ್ಕಕ್ಕೆ ಸರಿಸಿ ಅದರ ಜಾಗದಲ್ಲಿ ಬಂದು ಕುಳಿತಿತು. ಎರಡೂ ಪದಗಳು ಧ್ವನಿಯಲ್ಲಿ ಹತ್ತಿರ, ಅರ್ಥದಲ್ಲಿಯೂ ಹತ್ತಿರ. ಹೀಗಾಗಿ ಈ ಪಲ್ಲಟ ಸುಲಭವಾಯಿತು. ನಮಗೆ ಇಲ್ಲಿ ಮುಖ್ಯವಾದುದು ಹಳೆಯ ಪದವೂ ಹೊಸ ಪದವೂ ಚಲನೆಯಿಂದಲೇ ಹುಟ್ಟಿವೆ ಎಂಬ ಸಂಗತಿ. ‘ಬಿಲೋ’ ಎಂಬ ಮತ್ತೊಂದು ಪದ ಉಬ್ಬು ಎಂಬ ಅರ್ಥದ ಧಾತುವಿನಿಂದ ಬಂದಿದೆ, ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆಯ ಮೂಲಕ. ದಡಕ್ಕೆ ಬಂದು ಒಡೆಯುವ ಅಲೆಗೆ ‘ಬ್ರೇಕರ್’. ಅಂದರೆ ಒಂದೇ ವಸ್ತುವನ್ನು ಅಲುಗುವಿಕೆ, ಉಬ್ಬು, ಒಡೆತ ಎಂಬ ಮೂರು ಬದಿಗಳಿಂದ ಕಂಡು ಮೂರು ಹೆಸರುಗಳನ್ನಿಟ್ಟಂತಾಯಿತು.

ಸಂಸ್ಕೃತದಲ್ಲಿಯೂ ಇಂಥದೇ ಸ್ಥಿತಿ. ಅಮರಕೋಶವು ಭಂಗ, ತರಂಗ, ಊರ್ಮಿ, ವೀಚಿ ಎಂಬ ಪದಗಳನ್ನು ಒಟ್ಟಿಗೆ ಹೇಳಿ, ದೊಡ್ಡ ಅಲೆಗಳಿಗೆ ಉಲ್ಲೋಲ, ಕಲ್ಲೋಲ ಎಂಬ ಹೆಸರುಗಳನ್ನು ಬೇರೆಯಾಗಿ ಕೊಡುತ್ತದೆ. ತರಂಗವನ್ನು ದಾಟು ಎಂಬರ್ಥದ ‘ತೄ’ ಧಾತುವಿನಿಂದ ಸಾಧಿಸುವುದು ರೂಢಿ. ಊರ್ಮಿಗೆ ಹೊರಳು, ಉರುಳು ಎಂಬುದು ಮೂಲಾರ್ಥ. ಜರ್ಮನ್ ಭಾಷೆಯ ‘ವೆಲ್ಲೆ’ ಇದರ ದೂರದ ದಾಯಾದಿ. ಭಂಗ ಎಂದರೆ ಮುರಿತ, ಬಾಗು, ಮಡಿಕೆ. ಈ ಕೊನೆಯ ಪದವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ತೆರೆಯ ವಿಷಯಕ್ಕೆ ಬಂದಾಗ ಇದು ಉಪಯೋಗಕ್ಕೆ ಬರುತ್ತದೆ.

ಇನ್ನು ಅಲೆ. ಕನ್ನಡದಲ್ಲಿ ಇದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ನಡೆ, ನುಡಿ, ಬೆಳೆ, ತಡೆ ಮೊದಲಾದ ಪದಗಳಲ್ಲಿ ಧಾತುವೇ ಯಾವ ಪ್ರತ್ಯಯವನ್ನೂ ಪಡೆಯದೆ ನಾಮವಾಗುವಂತೆ ಇಲ್ಲಿಯೂ ಆಗಿದೆ. ಇದರ ಸುತ್ತಲಿನ ಬಳಗ ದೊಡ್ಡದು. ಅಲುಗು, ಅಲುಗಾಡು, ಅಲ್ಲಾಡು, ಅಲೆದಾಡು, ಅಲೆದಾಟ, ಅಲೆಮಾರಿ ಎಂಬಿವುಗಳೆಲ್ಲ ಒಂದೇ ಕುಟುಂಬಕ್ಕೆ ಸೇರಿದವು. ತಮಿಳಿನ ‘ಅಲೈ’ ಅಲುಗು, ಅಲೆದಾಡು, ಕಷ್ಟಪಡು ಎಂಬ ಅರ್ಥಗಳ ಜೊತೆಗೆ ಕಡಲ ಅಲೆ ಎಂಬರ್ಥವನ್ನೂ ಹೊಂದಿದೆ. ಮಲೆಯಾಳ, ತೆಲುಗುಗಳಲ್ಲಿ ‘ಅಲ’ ಎಂಬ ರೂಪವಿದೆ. ಹಳಗನ್ನಡದಲ್ಲಿ ಅಲೆ ಸಕರ್ಮಕವಾಗಿಯೂ ಬಳಕೆಯಲ್ಲಿತ್ತು. ಹೊಡೆ, ಪೀಡಿಸು, ಕಾಡು ಎಂಬುದು ಆಗ ಅದರ ಅರ್ಥ. ಈ ಅರ್ಥ ಇಂದು ಮರೆಯಾಗಿದೆ. ಆದರೆ ಯಾವುದೋ ಒಂದು ಕಚೇರಿಯ ಕೆಲಸಕ್ಕಾಗಿ ‘ಅಲೆದು ಅಲೆದು ಸಾಕಾಯಿತು’ ಎನ್ನುವಾಗ ಸುಮ್ಮನೆ ಸುತ್ತಾಡಿದ್ದನ್ನಷ್ಟೇ ನಾವು ಹೇಳುತ್ತಿರುವುದಿಲ್ಲ. ಸುತ್ತಿಸಿಕೊಂಡು ನೊಂದದ್ದನ್ನೂ ಹೇಳುತ್ತೇವೆ. ಹಳೆಯ ಸಕರ್ಮಕದ ನೆರಳು ಅಲ್ಲಿ ಇನ್ನೂ ಬಿದ್ದಿದೆ ಎನಿಸುತ್ತದೆ.

ಈ ಬಳಗದಲ್ಲಿ ಎಲ್ಲಿ ಹುಡುಕಿದರೂ ಆಕಾರದ ಅರ್ಥ ಸಿಕ್ಕುವುದಿಲ್ಲ. ಅತ್ತಿತ್ತ ಆಡುವುದು, ನೆಲೆ ನಿಲ್ಲದಿರುವುದು, ಬಡಿಯುವುದು, ಹೀಗೆ ಎಲ್ಲವೂ ಚಲನೆಯೇ. ಆದ್ದರಿಂದ ಅಲೆಯುವ ನೀರು ಅಲೆ ಎಂದು ಹೇಳುವುದರಲ್ಲಿ ತೊಡಕಿಲ್ಲ. ಈ ಮಟ್ಟಿಗೆ ಕನ್ನಡದ ಅಲೆಯೂ ಇಂಗ್ಲಿಷಿನ ವೇವ್ ಪದವೂ ಒಂದೇ ದಾರಿಯಲ್ಲಿ ಬಂದಿವೆ.

ತೆರೆಯ ದಾರಿ ಬೇರೆ. ತೆರೆ ಎಂಬ ನಾಮಪದಕ್ಕೆ ಕನ್ನಡದಲ್ಲಿ ಮೂರು ಅರ್ಥಗಳಿವೆ: ನೀರಿನ ಅಲೆ, ಮುಪ್ಪಿನಲ್ಲಿ ಚರ್ಮದ ಮೇಲೆ ಬೀಳುವ ಸುಕ್ಕು ಮತ್ತು ಮರೆಮಾಡಲು ಹಿಡಿಯುವ ಅಥವಾ ಕಟ್ಟುವ ಬಟ್ಟೆ. ನರೆತೆರೆ ಎಂಬ ಜೋಡುನುಡಿಯಲ್ಲಿ ಎರಡನೆಯ ಅರ್ಥವಿದೆ. ಮುಪ್ಪಿನ ಚಿಹ್ನೆಗಳನ್ನು ಒಂದೊಂದಾಗಿ ಎಣಿಸುವ ಬಸವಣ್ಣನವರ ಪ್ರಸಿದ್ಧ ವಚನದಲ್ಲಿ ಬರುವುದೂ ಇದೇ ಅರ್ಥ. ಪದವಿ ತರಗತಿಗಳಲ್ಲಿ ಆ ವಚನವನ್ನು ಪಾಠ ಮಾಡಿದವರಿಗೆ ಈ ಒಂದು ಪದವನ್ನು ಬಿಡಿಸಿ ಹೇಳಬೇಕಾಗುವುದು ಗೊತ್ತೇ ಇದೆ. ಮೂರನೆಯ ಅರ್ಥ ತೆರೆಮರೆ, ತೆರೆ ಎಳೆ, ತೆರೆ ಬೀಳು ಎಂಬ ಮಾತುಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಅಲೆ, ಸುಕ್ಕು, ಪರದೆ ಎಂಬ ಮೂರು ಅರ್ಥಗಳನ್ನು ಒಂದೇ ಮೂಲಕ್ಕೆ ಸೇರಿಸುವುದು ಹೇಗೆ? ಇಂದಿನ ಕನ್ನಡದಲ್ಲಿ ಇದಕ್ಕೆ ಉತ್ತರವಿಲ್ಲ, ಏಕೆಂದರೆ ಈ ನಾಮಪದಕ್ಕೆ ತಾಯಿಯಾದ ಕ್ರಿಯಾಪದ ನಮ್ಮ ಬಳಕೆಯಲ್ಲಿಲ್ಲ. ತಮಿಳಿನಲ್ಲಿ ಅದು ಉಳಿದಿದೆ. ಅಲ್ಲಿನ ‘ತಿರೈ’ ಎಂಬ ಕ್ರಿಯಾಪದಕ್ಕೆ ಚರ್ಮ ಸುಕ್ಕುಗಟ್ಟು, ಮಡಿಕೆಯಾಗು, ಸುರುಳಿಯಾಗು ಎಂಬ ಅರ್ಥಗಳಿವೆ; ಸಕರ್ಮಕವಾದಾಗ ಬಟ್ಟೆಯನ್ನು ಒಟ್ಟುಮಾಡಿ ಮೇಲಕ್ಕೆ ಸಿಕ್ಕಿಸು, ಚೀಲದ ಬಾಯನ್ನು ಸುರುಟಿ ಹಿಡಿ ಎಂಬ ಅರ್ಥಗಳು ಬರುತ್ತವೆ. ಅದೇ ರೂಪದ ನಾಮಪದಕ್ಕೆ ಸುಕ್ಕು, ಅಲೆ, ಪರದೆ ಎಂಬ ಮೂರೂ ಅರ್ಥಗಳುಂಟು. ಹೀಗೆ ನೋಡಿದಾಗ ಕಗ್ಗಂಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಚರ್ಮದ ಮಡಿಕೆ ಸುಕ್ಕು, ನೀರಿನ ಮಡಿಕೆ ಅಲೆ, ಮಡಿಕೆ ಮಡಿಕೆಯಾಗಿ ಒಟ್ಟಾಗುವ ಬಟ್ಟೆ ಪರದೆ. ಸಂಸ್ಕೃತದ ಭಂಗ ಪದದಲ್ಲಿ ಬಾಗು, ಮಡಿಕೆ ಮತ್ತು ಅಲೆ ಎಂಬ ಅರ್ಥಗಳು ಕೂಡಿರುವುದನ್ನು ಇದರೊಡನೆ ಹೋಲಿಸಿ ನೋಡಬಹುದು.

ತಮಿಳಿನ ‘ತಿರೈ’ ಕನ್ನಡದಲ್ಲಿ ‘ತೆರೆ’ ಆಗಿರುವುದು ನಿಯಮಬದ್ಧವಾದ ಸಂಗತಿ. ಮುಂದಿನ ಅಕ್ಷರದಲ್ಲಿ ಅಕಾರ ಅಥವಾ ಐಕಾರವಿದ್ದಾಗ ತಮಿಳಿನ ಮೊದಲಕ್ಷರದ ಇಕಾರಕ್ಕೆ ಕನ್ನಡದಲ್ಲಿ ಎಕಾರವೂ ಉಕಾರಕ್ಕೆ ಒಕಾರವೂ ಬರುತ್ತವೆ. ಇಲೈ-ಎಲೆ, ವಿಲೈ-ಬೆಲೆ, ನಿಲಂ-ನೆಲ, ವಿರಲ್-ಬೆರಲ್, ಕುಡೈ-ಕೊಡೆ ಎಂಬ ಜೋಡಿಗಳು ಇದಕ್ಕೆ ನಿದರ್ಶನ. ತೆಲುಗಿನಲ್ಲಿ ‘ತೆರ’, ಮಲೆಯಾಳದಲ್ಲಿ ‘ತಿರ’ ಎಂಬ ರೂಪಗಳಿರುವುದೂ ಇದೇ ನಿಯಮಕ್ಕೆ ಹೊಂದಿಕೊಳ್ಳುತ್ತದೆ.

ಪರದೆಯ ಅರ್ಥಕ್ಕೆ ರಂಗಭೂಮಿಯಿಂದಲೂ ಬೆಂಬಲ ದೊರೆಯುತ್ತದೆ. ಯಕ್ಷಗಾನದ ತೆರೆ ಒಡ್ಡೋಲಗದಲ್ಲಿ ಪಾತ್ರಧಾರಿಯ ಮುಂದೆ ಹಿಡಿಯುವುದು ತೂಗುಹಾಕಿದ ಪರದೆಯನ್ನಲ್ಲ. ಇಬ್ಬರು ಎರಡು ತುದಿಗಳಲ್ಲಿ ಕೈಯಿಂದ ಎತ್ತಿ ಹಿಡಿಯುವ ಬಟ್ಟೆಯನ್ನು. ಕೇರಳದ ಕಥಕಳಿಯಲ್ಲಿಯೂ ‘ತಿರಶ್ಶೀಲ’ವನ್ನು ಹೀಗೆಯೇ ಹಿಡಿಯುತ್ತಾರೆ. ಪಾತ್ರ ಅದರ ಮೇಲಿನಿಂದ ಇಣುಕಿ ನೋಡುವುದಕ್ಕೆ ಅಲ್ಲಿ ‘ತಿರನೋಟ’ ಎಂದೇ ಹೆಸರು. ಹಿಡಿದ ಬಟ್ಟೆ ಇಳಿಯುವಾಗ ಮಡಿಕೆಮಡಿಕೆಯಾಗಿ ಕೈಗೆ ಬರುತ್ತದೆ. ವೃತ್ತಿನಾಟಕ ಕಂಪನಿಗಳಿಗೆ ಬಂದ ತೂಗುಪರದೆಗೆ ‘ಅಂಕದ ಪರದೆ’ ಎಂಬ ಹೆಸರು ರೂಢಿಯಾಯಿತು. ಅಲ್ಲಿ ಪಾರಸಿಯ ಪದವೇ ನಿಂತಿತು. ಹಳೆಯ ಪದ ಹಳೆಯ ವಸ್ತುವಿನೊಂದಿಗೆ ಉಳಿದು, ಹೊಸ ವಸ್ತು ಹೊಸ ಪದದೊಂದಿಗೆ ಬಂದ ಉದಾಹರಣೆ ಇದು.

ನೀರಿನ ಹೆಸರುಗಳೆಲ್ಲ ಕಡಲ ತಡಿಯಲ್ಲೇ ಹುಟ್ಟಿರಬೇಕೆಂದು ಭಾವಿಸುವ ಅಗತ್ಯವೂ ಇಲ್ಲ. ಸಮುದ್ರದಿಂದ ಬಹುದೂರದ ಒಳನಾಡಿನಲ್ಲಿಯೂ ಈ ಎರಡು ನೋಟಗಳಿಗೆ ಎಡೆಯುಂಟು. ನಮ್ಮ ಕಮಲಾಪುರದ ಕೆರೆಯನ್ನೇ ತೆಗೆದುಕೊಳ್ಳಬಹುದು. ವಿಜಯನಗರದ ಅರಸರ ಕಾಲದ ಈ ಕೆರೆಗೆ ತುಂಗಭದ್ರೆಯ ನೀರು ರಾಯಕಾಲುವೆಯ ಮೂಲಕ ಬರುತ್ತದೆ. ಗಾಳಿ ಹಗುರವಾಗಿ ಬೀಸುವಾಗ ಅದರ ಮೈಮೇಲೆ ಒತ್ತೊತ್ತಾಗಿ ಸಣ್ಣ ನಿರಿಗಳು ಮೂಡುತ್ತವೆ; ನೀರು ಎಲ್ಲಿಗೂ ಹೋಗುತ್ತಿರುವಂತೆ ಕಾಣುವುದಿಲ್ಲ, ಬಟ್ಟೆಯೊಂದು ಸುಕ್ಕಾದಂತೆ ಕಾಣುತ್ತದೆ. ಆಷಾಢದ ಗಾಳಿಗೆ ಅದೇ ನೀರು ಏರಿಯ ಕಲ್ಲುಗಳಿಗೆ ಬಡಿಯುತ್ತದೆ. ಮೊದಲನೆಯದನ್ನು ಕಂಡವನಿಗೆ ತೆರೆ ಎಂಬ ಹೆಸರೂ ಎರಡನೆಯದನ್ನು ಕಂಡವನಿಗೆ ಅಲೆ ಎಂಬ ಹೆಸರೂ ತೋಚುವುದು ಸಹಜ. ಆದರೆ ಇದನ್ನು ಗಾತ್ರದ ಭೇದವೆಂದು ತಿಳಿಯಬಾರದು. ಹಳಗನ್ನಡದ ಕಡಲ ವರ್ಣನೆಗಳಲ್ಲಿ ತೆರೆ ಧಾರಾಳವಾಗಿ ಬರುತ್ತದೆ. ‘ಪೆರ್ದೆರೆ’ ಎಂದರೆ ಹೆದ್ದೆರೆ, ದೊಡ್ಡ ಅಲೆ. ಭೇದವಿರುವುದು ನೋಡುವ ಬಗೆಯಲ್ಲಿ.

ಇಲ್ಲಿಯವರೆಗೆ ತೆರೆಯನ್ನು ಒಂದೇ ಪದವೆಂಬಂತೆ ಚರ್ಚಿಸಲಾಯಿತು. ಇಂದಿನ ಕನ್ನಡದಲ್ಲಿ ತೆರೆ ಎಂದು ಬರೆಯುವ ಪದಗಳು ಇನ್ನೂ ಇವೆ. ಬಾಗಿಲು ತೆರೆ ಎಂಬಲ್ಲಿನ ಕ್ರಿಯಾಪದ ಒಂದು. ಕಪ್ಪ, ಕಂದಾಯ ಎಂಬರ್ಥದಲ್ಲಿ ಶಾಸನಗಳಲ್ಲಿ ಬರುವ ನಾಮಪದ ಇನ್ನೊಂದು. ಈ ಎರಡೂ ಹಳಗನ್ನಡದಲ್ಲಿ ತೆರೆ ಆಗಿರಲಿಲ್ಲ, ‘ತೆಱೆ’ ಆಗಿದ್ದವು. ಕೇಶಿರಾಜನು ಹದಿಮೂರನೆಯ ಶತಮಾನದ ತನ್ನ ಶಬ್ದಮಣಿದರ್ಪಣದಲ್ಲಿ ಎ, ಒ, ಱ, ೞ, ಳ ಎಂಬ ಐದನ್ನು ದೇಶೀಯಾಕ್ಷರಗಳೆಂದು ಹೇಳಿದ್ದಾನೆ. ಇವುಗಳಲ್ಲಿ ಱ ಎಂಬ ಶಕಟರೇಫ ರಕಾರದಿಂದ ಬೇರೆಯಾದ ಧ್ವನಿ. ಕಾಲಕ್ರಮದಲ್ಲಿ ಉಚ್ಚಾರಣೆಯಲ್ಲಿ ಅದು ರಕಾರದೊಡನೆ ಬೆರೆತುಹೋಯಿತು. ಬರವಣಿಗೆಯಲ್ಲಿ ಮಾತ್ರ ಬಹುಕಾಲ, ಹಲವೊಮ್ಮೆ ತಪ್ಪು ಜಾಗದಲ್ಲಿ, ಉಳಿದುಕೊಂಡಿತ್ತು.

ನೆರೆಭಾಷೆಗಳು ಈ ಭೇದವನ್ನು ಕಾಯ್ದುಕೊಂಡಿವೆ. ಅಲೆ, ಸುಕ್ಕು, ಪರದೆ ಎಂಬರ್ಥದ ತೆರೆಗೆ ತಮಿಳಿನಲ್ಲಿ ‘ತಿರೈ’. ಇಲ್ಲಿ ಸಾಮಾನ್ಯ ರಕಾರ. ಬಾಗಿಲು ತೆಱೆ ಎಂಬುದಕ್ಕೆ ‘ತಿಱ’, ಕಪ್ಪ ಎಂಬರ್ಥದ ತೆಱೆಗೆ ‘ತಿಱೈ’, ಎರಡರಲ್ಲಿಯೂ ಶಕಟರೇಫ. ತೆಲುಗಿನಲ್ಲಿ ಪರದೆಗೆ ‘ತೆರ’, ತೆರೆಯುವುದಕ್ಕೆ ‘ತೆಱಚು’. ಹಳಗನ್ನಡದ ಬರವಣಿಗೆ, ತಮಿಳು, ತೆಲುಗು ಮೂರೂ ಒಂದೇ ಸಾಕ್ಷ್ಯವನ್ನು ನುಡಿಯುವಾಗ ಸಂದೇಹಕ್ಕೆ ಎಡೆಯಿಲ್ಲ. ನಾವು ಇಂದು ತೆರೆ ಎಂದು ಒಂದೇ ರೀತಿ ಬರೆಯುವುದು ಕನಿಷ್ಠ ಮೂರು ಬೇರೆ ಬೇರೆ ಪದಗಳನ್ನು.

ಈ ಮೂರಕ್ಕೂ ಅವುಗಳದೇ ಆದ ಬಳಗಗಳಿವೆ. ಬಾಗಿಲಿನ ತೆಱೆಯ ಬಳಗದಲ್ಲಿ ತೆಱಪು ಇದೆ. ಅದೇ ಮುಂದೆ ತೆರಹು, ತೆರವು ಆಯಿತು. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದವರನ್ನು ಎಬ್ಬಿಸಿದಾಗ ಈ ಭಾಗದ ಜನ ಹಲವು ತಿಂಗಳು ಕೇಳಿದ ‘ತೆರವು’ ಎಂಬ ಪದ ತೆರೆದು ಖಾಲಿ ಮಾಡು ಎಂಬ ಈ ಮೂಲದಿಂದ ಬಂದುದು. ಕಪ್ಪದ ತೆಱೆಗೆ ‘ತೆಱು’ ಎಂಬ ಧಾತು ಮೂಲ. ದಂಡ ತೆತ್ತನು, ತೆರಬೇಕಾಯಿತು, ತೆರಿಗೆ ಎಂಬವು ಅದರ ರೂಪಗಳು. ವಧುವಿನ ಕಡೆಯವರಿಗೆ ವರನ ಕಡೆಯವರು ಕೊಡುತ್ತಿದ್ದ ಹಣಕ್ಕೆ ಕೆಲವು ಸಮುದಾಯಗಳಲ್ಲಿ ‘ತೆರ’ ಎನ್ನುತ್ತಿದ್ದುದೂ ಇದರಿಂದಲೇ. ಭೂತಕಾಲದ ರೂಪಗಳನ್ನು ಹೋಲಿಸಿದರೆ ಇವೆರಡರ ಭೇದ ಇಂದಿಗೂ ಕಾಣುತ್ತದೆ: ಬಾಗಿಲನ್ನು ತೆರೆದನು, ತೆರಿಗೆಯನ್ನು ತೆತ್ತನು.

ಶಾಸನಗಳನ್ನು ಓದುವವರಿಗೆ ಈ ಭೇದ ಕೇವಲ ಕುತೂಹಲದ ವಿಷಯವಲ್ಲ. ದತ್ತಿಶಾಸನಗಳಲ್ಲಿ ಮನೆದೆಱೆ, ಗಾಣದೆಱೆ, ಮಗ್ಗದೆಱೆ ಎಂಬ ತೆರಿಗೆಗಳ ಹೆಸರುಗಳು ಬರುತ್ತವೆ. ಮನೆಗೆ, ಎಣ್ಣೆಯ ಗಾಣಕ್ಕೆ, ನೇಯುವ ಮಗ್ಗಕ್ಕೆ ವಿಧಿಸಿದ ತೆರಿಗೆಗಳಿವು. ಆದೇಶಸಂಧಿಯಿಂದ ತಕಾರ ದಕಾರವಾಗಿದೆ. ಈ ಪದಗಳನ್ನು ಱ ಬಿಟ್ಟು ‘ಮನೆದೆರೆ’, ‘ಮಗ್ಗದೆರೆ’ ಎಂದು ಅಚ್ಚು ಮಾಡಿದರೆ ಓದುವವನ ಮುಂದೆ ಏನಿರುತ್ತದೆ? ತರಗತಿಯಲ್ಲಿ ಮನೆದೆರೆ ಎಂದು ಹಲಗೆಯ ಮೇಲೆ ಬರೆದು ಅರ್ಥ ಕೇಳಿದರೆ ಮನೆಯ ಬಾಗಿಲಿಗೆ ಹಾಕುವ ಪರದೆ ಎಂಬ ಉತ್ತರ ಬರುವುದು ಅಪರೂಪವಲ್ಲ. ಮಗ್ಗದೆರೆ ಎಂಬಲ್ಲಂತೂ ಮಗ್ಗದಲ್ಲಿ ನೇಯ್ದ ತೆರೆ ಎಂದು ಊಹಿಸಲು ಯಾವ ಅಡ್ಡಿಯೂ ಇಲ್ಲ. ಊಹೆ ಸೊಗಸಾಗಿಯೂ ಇದೆ. ನೇಕಾರನೊಬ್ಬ ಅರಸನಿಗೆ ತೆತ್ತ ಹಣ ಓದುಗನ ಕಣ್ಣಮುಂದೆಯೇ ಬಟ್ಟೆಯಾಗಿಬಿಡುತ್ತದೆ.

‘ಕಿಱು’ ಎಂಬ ಗುಣವಾಚಕದೊಡನೆ ಸಮಾಸ ಮಾಡಿದಾಗ ಈ ತೊಡಕು ಇನ್ನಷ್ಟು ಸ್ಪಷ್ಟವಾಗುತ್ತದೆ. ಕಿಱುದೆಱೆ ಎಂದರೆ ಸಣ್ಣಪುಟ್ಟ ತೆರಿಗೆ. ಕಿಱುದೆರೆ ಎಂದರೆ ಸಣ್ಣ ಅಲೆ. ನಮ್ಮ ಕಾಲದ ಕಿರುತೆರೆ ಎಂದರೆ ದೂರದರ್ಶನ. ಮೊದಲೆರಡರಲ್ಲಿ ಸಂಧಿನಿಯಮದಂತೆ ದಕಾರ ಬಂದಿದೆ. ಮೂರನೆಯದನ್ನು ರೂಪಿಸಿದವರು ಬೆಳ್ಳಿತೆರೆಯ ಮಾದರಿಯನ್ನು ಅನುಸರಿಸಿ ತಕಾರವನ್ನು ಹಾಗೆಯೇ ಉಳಿಸಿಕೊಂಡರು. ಶಕಟರೇಫವನ್ನು ಬಿಟ್ಟು ಬರೆದರೆ ತೆರಿಗೆಗೂ ಅಲೆಗೂ ‘ಕಿರುದೆರೆ’ ಎಂಬ ಒಂದೇ ರೂಪವಾಗಿ, ಅರ್ಥವನ್ನು ಸಂದರ್ಭದಿಂದ ಮಾತ್ರ ಊಹಿಸಬೇಕಾಗುತ್ತದೆ.

ಕೆರೆ ಎಂಬ ಪದವೂ ಮೂಲದಲ್ಲಿ ‘ಕೆಱೆ’; ತೆಲುಗಿನ ‘ಚೆಱುವು’ ಅದರ ಸೋದರರೂಪ. ಆದ್ದರಿಂದ ಕೆರೆ-ತೆರೆ ಎಂದು ಇಂದು ನಾವು ಸಲೀಸಾಗಿ ಪ್ರಾಸ ಹೊಂದಿಸುವುದು ಹಳಗನ್ನಡದ ಎಚ್ಚರದ ಕವಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ರಕಾರ ಶಕಟರೇಫಗಳನ್ನು ಪ್ರಾಸಸ್ಥಾನದಲ್ಲಿ ಬೆರೆಸದ ಕವಿಗಳ ಕೃತಿಗಳು ನಿಷ್ಪತ್ತಿಯನ್ನು ಹುಡುಕುವವರಿಗೆ ಶಾಸನಗಳಷ್ಟೇ ಬೆಲೆಯುಳ್ಳ ಆಕರಗಳು. ಲಿಪಿಕಾರನ ಕೈತಪ್ಪಿನಿಂದ ಅಕ್ಷರ ಬದಲಾಗಿದ್ದರೂ ಪದ್ಯದ ಉಳಿದ ಮೂರು ಪಾದಗಳ ಪ್ರಾಸಾಕ್ಷರ ಅದನ್ನು ಹಿಡಿದುಕೊಡುತ್ತದೆ.

ತೆರೆ, ತೆಱೆ ಬೆರೆತುಹೋದುದರಿಂದ ಆದ ಇನ್ನೊಂದು ಪರಿಣಾಮ ಜನಪದ ನಿಷ್ಪತ್ತಿ. ಪರದೆಯನ್ನು ತೆರೆಯುತ್ತಾರೆ, ಆದ್ದರಿಂದ ಅದಕ್ಕೆ ತೆರೆ ಎಂದು ಹೆಸರು ಎಂಬ ವಿವರಣೆಯನ್ನು ನಾವೆಲ್ಲರೂ ಒಂದಲ್ಲ ಒಂದು ಕಡೆ ಕೇಳಿರುತ್ತೇವೆ. ದಡದ ಕಡೆಗೆ ಬರುತ್ತ ನೀರು ತೆರೆದುಕೊಳ್ಳುವುದರಿಂದ ಅಲೆಗೂ ಆ ಹೆಸರು ಬಂತೆಂದು ಇದನ್ನು ಮುಂದುವರಿಸುವವರೂ ಉಂಟು. ತೆರೆ ಎಂಬ ನಾಮಪದಕ್ಕೆ ತಾಯಿಯಾದ ‘ಸುಕ್ಕಾಗು’ ಎಂಬರ್ಥದ ಕ್ರಿಯಾಪದ ಬಳಕೆಯಿಂದ ಹೋದ ಮೇಲೆ, ಅದೇ ಉಚ್ಚಾರಣೆಯ ಇನ್ನೊಂದು ಕ್ರಿಯಾಪದ ಕೈಗೆ ಸಿಕ್ಕಿದಾಗ ಮಾತಾಡುವವರು ಅದನ್ನೇ ಹಿಡಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ತೆರೆಯ ಕೆಲಸ ಮರೆಮಾಡುವುದು, ತೆಱೆಯ ಕೆಲಸ ಮರೆ ಸರಿಸುವುದು. ‘ತೆರೆ ತೆರೆಯಿತು’ ಎಂಬ ವಾಕ್ಯದಲ್ಲಿ ಇರುವುದು ಪುನರುಕ್ತಿಯಲ್ಲ, ವಿರೋಧ. ಹಳಗನ್ನಡದಲ್ಲಿ ಬರೆದಿದ್ದರೆ ಆ ಎರಡು ಪದಗಳು ಕಣ್ಣಿಗೂ ಬೇರೆ, ಕಿವಿಗೂ ಬೇರೆ.

ಈ ಹಿನ್ನೆಲೆಯಲ್ಲಿ ಹೊಸಗನ್ನಡದ ಬಳಕೆಯನ್ನು ಗಮನಿಸಬೇಕು. ತೆರೆ ತನ್ನ ಹಳೆಯ ಜಾಗಗಳನ್ನು ಒಂದೊಂದಾಗಿ ಬಿಟ್ಟುಕೊಟ್ಟಿದೆ. ಚರ್ಮದ ಮಡಿಕೆಗೆ ಸುಕ್ಕು ಬಂತು. ಸೀರೆಯ ಮಡಿಕೆ ನಿರಿಗೆಯದಾಯಿತು. ಮನೆಯ ಬಾಗಿಲ ಬಟ್ಟೆ ಪರದೆಯಾಯಿತು. ಕಡಲಿನ ಮೇಲೆ ಕವಿಗಳ ಮಾತಿನಲ್ಲಿ ಉಳಿದುಕೊಂಡಿದ್ದರೂ ಗದ್ಯದಲ್ಲಿ ಅಲೆ ಮುಂದಾಯಿತು. ಅದೇ ಹೊತ್ತಿಗೆ ಚಲನಚಿತ್ರ ಬಂದು ತೆರೆಗೆ ಹೊಸ ನೆಲೆ ಕೊಟ್ಟಿತು. ಬೆಳ್ಳಿತೆರೆ, ತೆರೆಗೆ ಬರು, ತೆರೆ ಕಾಣು, ಕಿರುತೆರೆ ಎಂಬಲ್ಲೆಲ್ಲ ಮೇಲ್ಮೈಯ ಅರ್ಥವೇ ಇದೆ. ಸಿನಿಮಾದ ಪರದೆಯನ್ನು ಯಾರೂ ಅಲೆ ಎನ್ನಲಿಲ್ಲ. ಎನ್ನುವುದು ಸಾಧ್ಯವೂ ಇರಲಿಲ್ಲ.

ಅಲೆ ಇದಕ್ಕೆ ತದ್ವಿರುದ್ಧವಾದ ದಿಕ್ಕಿನಲ್ಲಿ ಬೆಳೆಯಿತು. ಬೆಳಕಿನ ಅಲೆ, ಶಬ್ದದ ಅಲೆ, ಚುನಾವಣೆಯಲ್ಲಿ ಒಂದು ಪಕ್ಷದ ಅಲೆ, ಅನುಕಂಪದ ಅಲೆ ಎಂಬಿವುಗಳೆಲ್ಲ ಇಂಗ್ಲಿಷಿನ ವೇವ್ ಪದದ ಪ್ರಭಾವದಿಂದ ಬಂದವು. 2004ರ ಡಿಸೆಂಬರ್ 26ರ ಸುನಾಮಿಯ ಬಗ್ಗೆ ಬರೆಯುವಾಗ ಕನ್ನಡ ಪತ್ರಿಕೆಗಳಿಗೆ ಬೇಕಾದುದು ಅಲೆ. 2021ರಲ್ಲಿ ಕೊರೊನಾ ಸೋಂಕು ಮರಳಿ ಹಬ್ಬಿದಾಗ ‘ಎರಡನೆಯ ಅಲೆ’ ಎಂಬುದು ನಾಡಿನ ಪ್ರತಿ ಮನೆಯ ಮಾತಾಯಿತು. ‘ಎರಡನೆಯ ತೆರೆ’ ಎಂದು ಯಾರೂ ಬರೆಯಲಿಲ್ಲ. ನಿಘಂಟಿನ ಪ್ರಕಾರ ಬರೆಯಬಹುದಿತ್ತು. ಭಾಷಾಂತರದಿಂದ ಬಂದ ಪ್ರಯೋಗಗಳಲ್ಲಿಯೂ ಮಾತೃಭಾಷಿಕರ ಆಯ್ಕೆ ಹೀಗೆ ತಪ್ಪದೆ ಚಲನೆಯ ಪದದ ಮೇಲೆಯೇ ಬಿದ್ದಿರುವುದು, ಎರಡು ಪದಗಳ ಮೂಲಭೇದ ಇನ್ನೂ ಜೀವಂತವಾಗಿದೆ ಎಂಬುದಕ್ಕೆ ಸಾಕಷ್ಟು ಪುರಾವೆ. 1970ರಲ್ಲಿ ‘ಸಂಸ್ಕಾರ’ ಚಿತ್ರ ಬಂದ ನಂತರದ ಕನ್ನಡ ಚಿತ್ರಗಳನ್ನು ಕುರಿತು ಹೊಸ ಅಲೆಯ ಚಿತ್ರಗಳು ತೆರೆ ಕಂಡವು ಎಂದು ಬರೆಯುವುದುಂಟು. ಒಂದೇ ವಾಕ್ಯದಲ್ಲಿ ಎರಡು ಪದಗಳೂ ಇವೆ, ಒಂದು ಇನ್ನೊಂದರ ಜಾಗಕ್ಕೆ ಹೋಗಲಾರದು. ಹೊಸ ಅಲೆ ಎಂಬುದು ಫ್ರೆಂಚಿನ ‘ನೂವೆಲ್ ವಾಗ್’ ಎಂಬುದರ ಅನುವಾದ. ಆ ‘ವಾಗ್’ ಉತ್ತರದ ಜರ್ಮಾನಿಕ್ ಭಾಷೆಯಿಂದ ಫ್ರೆಂಚಿಗೆ ಹೋದ ಪದವಾದುದರಿಂದ ಮೇಲೆ ಹೇಳಿದ ಇಂಗ್ಲಿಷಿನ ಹಳೆಯ ‘ವಾವ್’ ಪದಕ್ಕೆ ಅದು ನೆಂಟನೇ ಆಗುತ್ತದೆ.

ತಮಿಳಿನಲ್ಲಿಯೂ ಇಂಥದೇ ಹಂಚಿಕೆ ನಡೆದಿದೆ. ಅಲ್ಲಿ ಇಂದಿನ ಬಳಕೆಯಲ್ಲಿ ಕಡಲಿನದು ಅಲೈ, ಸಿನಿಮಾದ್ದು ತಿರೈ. ಚಲನಚಿತ್ರಕ್ಕೇ ‘ತಿರೈಪ್ಪಡಂ’ ಎಂಬ ಹೆಸರು. ಮಲೆಯಾಳ ಮಾತ್ರ ಬೇರೆ ದಾರಿ ಹಿಡಿದಿದೆ. ಅಲ್ಲಿ ಕಡಲ ಅಲೆಗೆ ಇಂದಿಗೂ ‘ತಿರ’, ‘ತಿರಮಾಲ’ ಎಂಬುವೇ ಸಾಮಾನ್ಯ ಪದಗಳು. ಕಡಲಿನೊಂದಿಗೆ ದಿನನಿತ್ಯ ವ್ಯವಹರಿಸುವ ಭಾಷೆಯಲ್ಲಿ ತೆರೆಯ ಹಳೆಯ ಅರ್ಥ ಉಳಿದಿರುವುದು ಅರ್ಥಪೂರ್ಣವಾಗಿದೆ. ಕಾಸರಗೋಡಿನ ಕನ್ನಡಿಗರ ಮಾತನ್ನೂ ಉತ್ತರ ಕನ್ನಡದ ಮೀನುಗಾರರ ಮಾತನ್ನೂ ಈ ದೃಷ್ಟಿಯಿಂದ ಕೂಡಿಟ್ಟು ನೋಡುವ ಕೆಲಸ ಉಪಯುಕ್ತವಾದೀತು.

ಪ್ರಾಸಂಗಿಕವಾಗಿ ಇನ್ನೊಂದು ಇಂಗ್ಲಿಷ್ ಪದವನ್ನು ಪ್ರಸ್ತಾಪಿಸಬೇಕು. ದಡದಲ್ಲಿ ನೊರೆಯಾಗಿ ಒಡೆಯುವ ಅಲೆಗಳಿಗೆ ಇಂಗ್ಲಿಷಿನಲ್ಲಿ ‘ಸರ್ಫ್’ ಎನ್ನುತ್ತಾರೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಕಾಣಿಸಿಕೊಳ್ಳುವ ಈ ಪದಕ್ಕೆ ‘ಸಫ್’ ಎಂಬ ಇನ್ನೂ ಹಳೆಯ ರೂಪವಿದ್ದು, ಆರಂಭದ ಪ್ರಯೋಗಗಳು ಭಾರತದ ಕರಾವಳಿಗೆ ಸಂಬಂಧಿಸಿವೆ. ಬಂದರಿಲ್ಲದ ಮದರಾಸಿನ ತೀರದಲ್ಲಿ ಹಡಗಿನಿಂದ ಇಳಿದವರು ಮಸೂಲ ದೋಣಿಗಳಲ್ಲಿ ಈ ನೊರೆಯಲೆಗಳನ್ನು ದಾಟಿಯೇ ದಡ ಸೇರಬೇಕಾಗಿದ್ದ ಕಾಲ ಅದು. ಆದ್ದರಿಂದ ಈ ಪದ ಯಾವುದೋ ಭಾರತೀಯ ಭಾಷೆಯಿಂದ ಹೋಗಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಮೊರೆತ ಎಂಬರ್ಥದ ಇಂಗ್ಲಿಷ್ ಪದವೊಂದರ ಬದಲಾದ ರೂಪ ಇದೆಂದು ಹೇಳುವವರೂ ಇದ್ದಾರೆ. ಅಲೆ, ತೆರೆಗಳಂತೆ ಬಳಗವೂ ಧ್ವನಿನಿಯಮವೂ ಜೊತೆಗಿದ್ದಾಗ ಮಾತ್ರ ನಿಷ್ಪತ್ತಿ ನಿಲ್ಲುತ್ತದೆ. ಸರ್ಫ್ ಪದಕ್ಕೆ ಈ ಎರಡೂ ದ್ರಾವಿಡ ಭಾಷೆಗಳಲ್ಲಿ ದೊರೆಯದಿರುವಾಗ, ಮೊದಲು ನಮ್ಮ ತೀರದಲ್ಲಿ ಕೇಳಿಸಿತು ಎಂಬ ಒಂದೇ ಕಾರಣದಿಂದ ಅದನ್ನು ನಮ್ಮದೆನ್ನುವುದು ತರವಲ್ಲ.

ನಿಘಂಟುಗಳ ವಿಷಯಕ್ಕೆ ಬರುವುದಾದರೆ, ಕಿಟ್ಟೆಲ್ ಅವರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ಕೋಶದಲ್ಲಿ ಶಕಟರೇಫವನ್ನು ಉಳಿಸಿಕೊಂಡು, ನೆರೆಭಾಷೆಗಳ ಸಮಾನರೂಪಗಳನ್ನು ಕೊಟ್ಟು ಈ ವಿವೇಚನೆಗೆ ತಳಹದಿ ಹಾಕಿದರು. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶ 1961ರಲ್ಲಿಯೂ ಅದರ ಪರಿಷ್ಕೃತ ಆವೃತ್ತಿ 1984ರಲ್ಲಿಯೂ ಬಂದವು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳು 1995ರ ಹೊತ್ತಿಗೆ ಪೂರ್ಣಗೊಂಡವು. ಸಾಮಗ್ರಿಯ ಕೊರತೆ ನಮಗಿಲ್ಲ. ಕೊರತೆ ಇರುವುದು ಪಠ್ಯಪುಸ್ತಕಗಳ ಹಿಂದೆ ಜೋಡಿಸುವ ಪದಕೋಶಗಳಲ್ಲಿ ಮತ್ತು ಅವಸರದಲ್ಲಿ ಸಿದ್ಧವಾಗುವ ಕಿರುನಿಘಂಟುಗಳಲ್ಲಿ. ‘ತೆರೆ: ಅಲೆ, ಪರದೆ, ಬಿಚ್ಚು, ಕಪ್ಪ’ ಎಂದು ಒಂದೇ ಉಲ್ಲೇಖದ ಕೆಳಗೆ ಸಾಲಾಗಿ ಕೊಟ್ಟರೆ, ಒಂದು ಪದಕ್ಕೆ ನಾಲ್ಕು ಅರ್ಥಗಳಿವೆ ಎಂದು ವಿದ್ಯಾರ್ಥಿ ತಿಳಿಯುತ್ತಾನೆ. ಮೂರು ಪದಗಳು ಕಾಲಾಂತರದಲ್ಲಿ ಒಂದೇ ಉಚ್ಚಾರಣೆಗೆ ಬಂದು ನಿಂತಿವೆ ಎಂಬ ಚರಿತ್ರೆ ಅವನಿಗೆ ತಲುಪುವುದೇ ಇಲ್ಲ.

ಹಳಗನ್ನಡ ಕಾವ್ಯಗಳನ್ನೂ ಶಾಸನಗಳನ್ನೂ ಓದುಗರ ಅನುಕೂಲಕ್ಕಾಗಿ ಱ, ೞ ಅಕ್ಷರಗಳಿಲ್ಲದೆ ಅಚ್ಚು ಮಾಡಬೇಕೆಂಬ ವಾದದಲ್ಲಿ ಸಾಮಾನ್ಯ ಓದುಗರ ಬಗೆಗಿನ ಕಾಳಜಿ ಇದೆ. ಗದ್ಯಾನುವಾದಗಳ ಮಟ್ಟಿಗೆ ಅದನ್ನು ಒಪ್ಪಬಹುದು. ಮೂಲಪಾಠದ ಮಟ್ಟಿಗೆ ಒಪ್ಪಲಾಗದು. ಮೊಳೆಯಚ್ಚಿನ ಕಾಲದಲ್ಲಿ ಅಕ್ಷರದ ಮೊಳೆ ಇಲ್ಲವೆಂಬ ಕಾರಣವಾದರೂ ಇತ್ತು. ಯುನಿಕೋಡ್ ಸಂಕೇತವ್ಯವಸ್ಥೆಯಲ್ಲಿ ಈ ಎರಡು ಅಕ್ಷರಗಳಿಗೂ ಸ್ಥಾನ ದೊರೆತಿರುವುದರಿಂದ ಆ ಕಾರಣ ಈಗ ಉಳಿದಿಲ್ಲ. ಅಲ್ಲಿ ೞ ಅಕ್ಷರಕ್ಕೆ ತಪ್ಪಾಗಿ ‘ಫ’ ಎಂಬ ಹೆಸರು ಅಂಟಿಕೊಂಡಿದೆ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ. ಅಕ್ಷರವಂತೂ ಸರಿಯಾಗಿಯೇ ಮೂಡುತ್ತದೆ. ಗಣಕೀಕೃತ ಪಠ್ಯಗಳಲ್ಲಿ ಹುಡುಕುವವರ ಸಂಖ್ಯೆ ಹೆಚ್ಚುತ್ತಿರುವ ಈ ದಿನಗಳಲ್ಲಿ, ತೆರೆ ಎಂದು ಹುಡುಕಿದವನಿಗೆ ಕಡಲೂ ಕಂದಾಯವೂ ಒಟ್ಟಿಗೆ ಬಂದು ಬೀಳದಿರಬೇಕಾದರೆ ಪಠ್ಯವನ್ನು ಅಚ್ಚಿಗೆ ಕೊಡುವವರು ಶಾಸನದ ಅಥವಾ ಓಲೆಯ ಅಕ್ಷರವನ್ನು ಇದ್ದಂತೆಯೇ ಕೊಡಬೇಕು. ಲಿಪಿಕಾರನೇ ರಕಾರ ಬರೆದಿದ್ದರೆ ರಕಾರವನ್ನೇ ಉಳಿಸಿ, ಱ ಎಂಬ ಸೂಚನೆಯನ್ನು ಅಡಿಯಲ್ಲಿ ಕೊಡಬಹುದು. ವಿಜಯನಗರದ ಕಾಲದ ಶಾಸನಗಳಲ್ಲಿ ಎರಡೂ ಬಗೆಯ ಬರವಣಿಗೆ ದೊರೆಯುವುದರಿಂದ, ಯಾವ ಪ್ರದೇಶದಲ್ಲಿ ಯಾವ ಕಾಲಕ್ಕೆ ಈ ಬೆರಕೆ ನಡೆಯಿತು ಎಂಬುದನ್ನು ಗುರುತಿಸಲು ತೆರೆ-ತೆಱೆಗಳಂಥ ಜೋಡಿಗಳೇ ತಕ್ಕ ಸಾಧನ. ಹಂಪಿ ಪರಿಸರದ ದತ್ತಿಶಾಸನಗಳಲ್ಲಿ ತೆರಿಗೆಗಳ ಹೆಸರುಗಳನ್ನು ಮಾತ್ರ ಆರಿಸಿಕೊಂಡು ಈ ಕೆಲಸವನ್ನು ಆರಂಭಿಸಬಹುದಾಗಿದೆ.